ಒಂದೇ ಶಾಯಿಯಲ್ಲಿ ಬರೆದ ಮೂರು ದಿನ

ಮೂರು ದಿನದ ಮೂತ್ರದ ಡೈರಿ: ಯಾವಾಗ, ಎಷ್ಟು ಮೂತ್ರ ಹೋಯಿತು ಎಂದು ರೋಗಿ ಮನೆಯಲ್ಲೇ ಅಳೆದು ಬರೆಯುವ ಹಾಳೆ. ಒಂದು ಕಾಟು ಇಲ್ಲ, ಒಂದು ಕಲೆ ಇಲ್ಲ. ಬೆಳಿಗ್ಗೆ ಆರಕ್ಕೆ 300 ಮಿಲಿ, ಒಂಬತ್ತಕ್ಕೆ 200, ಮಧ್ಯಾಹ್ನ 250, ಹೀಗೇ ಸಾಗಿ ರಾತ್ರಿ ಎರಡಕ್ಕೆ 150. ಮರುದಿನವೂ ಹೆಚ್ಚುಕಡಿಮೆ ಅಷ್ಟೇ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಅದೇ ಪೆನ್ನು, ಅದೇ ಓಟದ ಅಕ್ಷರ. ನಾನು ಆಗ ಕೆಲಸಕ್ಕೆ ಸೇರಿ ಏಳೆಂಟು ತಿಂಗಳಾಗಿತ್ತು. "ಎಷ್ಟು ನೀಟಾಗಿ ಬರೆದಿದ್ದೀರಿ!" ಎಂದು ಹೊಗಳಿ ಫೈಲಿಗೆ ಸೇರಿಸಿದೆ.

ನನ್ನದು ಕ್ಲಿನಿಕಲ್ ಟ್ರಯಲ್, ಅಂದರೆ ರೋಗಿಗಳ ಮೇಲೆ ಔಷಧ ಪರೀಕ್ಷಿಸುವ ಅಧ್ಯಯನದ ಕೋಆರ್ಡಿನೇಟರ್ ಕೆಲಸ. ಹೆಚ್ಚಾಗಿ ಪ್ರೊಸ್ಟೇಟ್ ಗ್ರಂಥಿ ಊದಿಕೊಂಡವರು, ಕಿಡ್ನಿ ದುರ್ಬಲವಾದವರು ನಮ್ಮಲ್ಲಿಗೆ ಬರುತ್ತಾರೆ. ಸಮ್ಮತಿ ಪತ್ರ ವಿವರಿಸುವುದು, ಭೇಟಿಯ ದಿನ ನೋಡಿಕೊಳ್ಳುವುದು, ರಕ್ತ-ಮೂತ್ರದ ಮಾದರಿ ಸಮಯಕ್ಕೆ ಹೋಗುವಂತೆ ಮಾಡುವುದು, ಪ್ರತಿಯೊಂದನ್ನೂ ಬರೆದಿಡುವುದು ನನ್ನ ಪಾಲಿನದು. ಡೈರಿ ತಂದುಕೊಟ್ಟ ಹಿರಿಯರು ಪ್ರೊಸ್ಟೇಟ್ ಔಷಧದ ಟ್ರಯಲ್‌ಗೆ ಸೇರಲು ಬಂದವರು. ಡೈರಿ ನೋಡಿದೆವು, ಪರೀಕ್ಷೆಗಳೆಲ್ಲ ಸರಿ ಬಂದವು, ಅವರನ್ನು ಸೇರಿಸಿಕೊಂಡೆವು.

ಆರು ವಾರದ ನಂತರ ದಾಖಲೆ ಪರಿಶೀಲಿಸಲು ಬಂದ ಮಾನಿಟರ್ ಅದೇ ಪುಟ ತೆಗೆದು ನನ್ನ ಮುಂದಿಟ್ಟರು. "ಇದರಲ್ಲಿ ಒಂದು 185 ಇಲ್ಲ, ಒಂದು 240 ಇಲ್ಲ. ಎಲ್ಲ ಐವತ್ತರ ಲೆಕ್ಕದಲ್ಲೇ ಇದೆ. ಅಳೆದು ಬರೆದದ್ದಾ, ಅಂದಾಜಾ?"

ನನ್ನಲ್ಲಿ ಉತ್ತರ ಇರಲಿಲ್ಲ. ಆ ಪ್ರಶ್ನೆ ನಾನೇ ಕೇಳಬೇಕಿತ್ತು.

ಆ ಡೈರಿ ಏಕೆ ಅಷ್ಟು ಮುಖ್ಯ ಎನ್ನುವುದನ್ನು ಹೇಳಬೇಕು. ರಾತ್ರಿ ಮೂರು ಸಲ ಏಳುವ ಇಬ್ಬರು ಗಂಡಸರ ತೊಂದರೆ ಒಂದೇ ಆಗಿರಬೇಕಿಲ್ಲ. ಒಬ್ಬರಿಗೆ ಪ್ರೊಸ್ಟೇಟ್ ದಾರಿಗೆ ಅಡ್ಡವಾಗಿ ಮೂತ್ರಕೋಶ ಪೂರ್ತಿ ಖಾಲಿಯಾಗುವುದಿಲ್ಲ, ಆದ್ದರಿಂದ ಸ್ವಲ್ಪ ಸ್ವಲ್ಪವೇ ಮತ್ತೆ ಮತ್ತೆ ಹೋಗುತ್ತಾರೆ. ಇನ್ನೊಬ್ಬರ ಮೂತ್ರಕೋಶ ಚೆನ್ನಾಗೇ ಇದೆ, ಆದರೆ ರಾತ್ರಿ ಇರಬೇಕಾದುದಕ್ಕಿಂತ ಹೆಚ್ಚು ಮೂತ್ರ ತಯಾರಾಗುತ್ತಿದೆ. ವಯಸ್ಸಾದವರಲ್ಲಿ ದಿನದ ಒಟ್ಟು ಮೂತ್ರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ರಾತ್ರಿಯ ಪಾಲಾಗಿದ್ದರೆ ಈ ಎರಡನೆಯದನ್ನು ಶಂಕಿಸಬೇಕು. ಎದ್ದ ಕೂಡಲೇ ಹೋಗುವ ಬೆಳಗಿನ ಮೂತ್ರವೂ ರಾತ್ರಿಯ ಲೆಕ್ಕಕ್ಕೇ ಸೇರುತ್ತದೆ, ಏಕೆಂದರೆ ಅದು ತಯಾರಾಗಿದ್ದು ನಿದ್ದೆಯಲ್ಲಿ. ಇಂಥವರಿಗೆ ಪ್ರೊಸ್ಟೇಟ್ ಮಾತ್ರೆ ಕೊಟ್ಟರೆ ಹೆಚ್ಚು ಉಪಯೋಗವಾಗುವುದಿಲ್ಲ. ನಮ್ಮ ಪ್ರೋಟೋಕಾಲ್ (ಟ್ರಯಲ್‌ನ ಲಿಖಿತ ನಿಯಮಾವಳಿ) ಕೂಡ ಅವರನ್ನು ಸೇರಿಸಬಾರದು ಎಂದೇ ಹೇಳಿತ್ತು. ಎರಡನ್ನೂ ಬೇರ್ಪಡಿಸಲು ನಮ್ಮಲ್ಲಿದ್ದ ಸಾಧನ ಆ ಪುಟದ ಮಿಲಿಲೀಟರ್‌ಗಳು ಮಾತ್ರ.

ಮರುದಿನ ಅವರಿಗೆ ಫೋನ್ ಮಾಡಿದೆ. ತಪ್ಪು ಹಿಡಿಯುವ ದನಿ ಬರಬಾರದು ಎಂದು ಎಚ್ಚರದಿಂದಲೇ ಕೇಳಿದೆ. ಅವರು ಒಂದಿಷ್ಟೂ ಮುಚ್ಚಿಡಲಿಲ್ಲ. "ರಾತ್ರಿ ಲೈಟ್ ಹಾಕಿದ್ರೆ ಮನೆಯವಳಿಗೆ ಎಚ್ಚರ ಆಗುತ್ತೆ. ಕತ್ತಲಲ್ಲಿ ಆ ಜಗ್ಗಿನ ಗೀಟು ಕಾಣಲ್ಲ. ಎಷ್ಟು ಸಲ ಎದ್ದೆ ಅನ್ನೋದು ನಿಜ. ಖಾಲಿ ಬಿಟ್ರೆ ನಿಮಗೆ ಬೇಜಾರಾಗುತ್ತೆ ಅಂತ ಕೊನೇ ದಿನ ಕೂತು ತುಂಬಿಸಿದೆ."

ನಿಮಗೆ ಬೇಜಾರಾಗುತ್ತೆ ಅಂತ. ಈ ಮಾತು ಇಂದಿಗೂ ಕಿವಿಯಲ್ಲಿದೆ. ಅವರು ನನಗೆ ಮೋಸ ಮಾಡಲಿಲ್ಲ, ನನಗೆ ಉಪಕಾರ ಮಾಡಿದರು. ಡೈರಿ ಕೊಡುವಾಗ ನಾನು ಎರಡು ನಿಮಿಷದಲ್ಲಿ "ಎಲ್ಲ ಕಾಲಂ ತುಂಬಬೇಕು, ಏನೂ ಬಿಡಬೇಡಿ" ಎಂದಿದ್ದೆ. ಅವರು ಅದನ್ನೇ ಪಾಲಿಸಿದ್ದರು.

ಇದು ಒಬ್ಬರ ಕಥೆಯಲ್ಲ. ದೀರ್ಘಕಾಲದ ನೋವಿನಿಂದ ಬಳಲುವವರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಕಾಗದದ ಡೈರಿಯ ಹೊದಿಕೆಯೊಳಗೆ ಬೆಳಕು ಗುರುತಿಸುವ ಸೆನ್ಸರ್ ಇಟ್ಟು, ಡೈರಿ ನಿಜವಾಗಿ ಯಾವಾಗ ತೆರೆಯಿತು ಎಂದು ದಾಖಲಿಸಿದ್ದರು. ರೋಗಿಗಳ ಬರಹ ನಂಬಿದರೆ ಶೇ. 90ರಷ್ಟು ನಮೂದುಗಳು ಸಮಯಕ್ಕೆ ಸರಿಯಾಗಿದ್ದವು. ಸೆನ್ಸರ್ ಪ್ರಕಾರ ಶೇ. 11. ಇದನ್ನು ಓದಿದ ಮೇಲೆ ನೀಟಾದ ಡೈರಿ ಕಂಡರೆ ನನಗೆ ಖುಷಿಯಾಗುವುದು ನಿಂತಿತು.

ಆ ಪುಟವನ್ನು ನಾವು ಮುಟ್ಟಲಿಲ್ಲ. ರೋಗಿ ಬರೆದದ್ದನ್ನು ತಿದ್ದುವ ಹಕ್ಕು ನಮಗಿಲ್ಲ. ಫೋನಿನಲ್ಲಿ ನಡೆದ ಮಾತನ್ನು ಅಂದಿನ ದಿನಾಂಕ ಹಾಕಿ ಬೇರೆ ಟಿಪ್ಪಣಿಯಾಗಿ ಬರೆದೆ, ಪ್ರೋಟೋಕಾಲ್ ಉಲ್ಲಂಘನೆ ಎಂದು ದಾಖಲಿಸಿದೆವು, ಮುಖ್ಯ ಸಂಶೋಧಕರು ಸಹಿ ಮಾಡಿದರು. ಬರೆಯುವಾಗ ಕೈ ಸ್ವಲ್ಪ ನಡುಗಿತ್ತು. ತಪ್ಪನ್ನು ಬರೆದಿಡುವುದು ಈ ಕೆಲಸದ ಅತಿ ಕಷ್ಟದ ಭಾಗ ಎಂದು ನನಗೆ ಈಗಲೂ ಅನಿಸುತ್ತದೆ.

ಅಲ್ಲಿಂದ ಡೈರಿ ಕೊಡುವ ರೀತಿಯೇ ಬದಲಾಯಿತು. ಜಗ್ಗಿನ ಗೆರೆಗಳ ಮೇಲೆ ದಪ್ಪ ಕಪ್ಪು ಟೇಪು ಬಂತು. ಕೊಟ್ಟ ದಿನವೇ ಒಮ್ಮೆ ನಮ್ಮಲ್ಲೇ ಅಳೆದು, ಬರೆದು ನೋಡಲು ಹೇಳುತ್ತೇನೆ. ಎಲ್ಲಕ್ಕಿಂತ ಹೆಚ್ಚಾಗಿ "ಅಳೆಯಲಾಗದಿದ್ದರೆ ‘ಅಳೆಯಲಿಲ್ಲ’ ಅಂತ ಬರೆಯಿರಿ, ಅದೂ ನಮಗೆ ಬೇಕಾದ ಮಾಹಿತಿಯೇ" ಎಂದು ಎರಡು ಸಲ ಹೇಳುತ್ತೇನೆ. ಎರಡನೇ ದಿನ ಸಂಜೆ ಫೋನ್ ಮಾಡುವ ಯೋಚನೆಯೂ ಬಂತು. ಆದರೆ ಅದನ್ನು ಮನಸ್ಸಿಗೆ ಬಂದವರಿಗೆ ಮಾತ್ರ ಮಾಡುವಂತಿಲ್ಲ. ಔಷಧದ ಗುಂಪು, ಪ್ಲಸೀಬೊ (ಔಷಧವಿಲ್ಲದ ಗುಳಿಗೆ) ಗುಂಪು ಎನ್ನದೆ ಎಲ್ಲರಿಗೂ ಒಂದೇ ಸಮ ಕರೆ ಹೋಗಬೇಕು, ಇಲ್ಲದಿದ್ದರೆ ನಮ್ಮ ಕಾಳಜಿಯೇ ಫಲಿತಾಂಶವನ್ನು ಬಗ್ಗಿಸುತ್ತದೆ. ಅನುಮತಿ ಪಡೆದ ಮೇಲೆಯೇ ಶುರು ಮಾಡಿದೆವು.

ಪ್ರೊಸ್ಟೇಟ್ ರೋಗಲಕ್ಷಣದ ಪ್ರಶ್ನಾವಳಿಯಲ್ಲೂ ನಾನು ಇಂಥದ್ದೇ ತಪ್ಪು ಮಾಡುತ್ತಿದ್ದೆ. ಏಳು ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 5, ಒಟ್ಟು 35. ರೋಗಿ ತಾನೇ ಓದಿ ಗುರುತು ಹಾಕಬೇಕಾದ ಹಾಳೆ ಅದು. ಸಮಯ ಉಳಿಯಲಿ ಎಂದು ನಾನು ಗಟ್ಟಿಯಾಗಿ ಓದುತ್ತಿದ್ದೆ, ಪಕ್ಕದಲ್ಲಿ ಮಗಳೋ ಸೊಸೆಯೋ ಕೂತಿರುತ್ತಿದ್ದರು. ತಡೆದುಕೊಳ್ಳಲು ಕಷ್ಟವಾಗುತ್ತದೆಯೇ ಎಂದು ಮಗಳ ಎದುರು ಕೇಳಿದರೆ ಯಾವ ತಂದೆ ‘ಯಾವಾಗಲೂ’ ಎನ್ನುತ್ತಾರೆ? ಈ ಸ್ಕೋರ್ ಮೂರರಷ್ಟು ಇಳಿದರೆ ಸಾಮಾನ್ಯವಾಗಿ ರೋಗಿಗೆ ‘ಸ್ವಲ್ಪ ಪರವಾಗಿಲ್ಲ’ ಅನಿಸುತ್ತದೆ. ಅಂದರೆ ಮುಜುಗರದಿಂದ ಎರಡು ಅಂಕ ತಪ್ಪಿದರೂ ಔಷಧ ಕೆಲಸ ಮಾಡಿತೋ ಇಲ್ಲವೋ ಎನ್ನುವುದೇ ಕಲಸಿಹೋಗುತ್ತದೆ. ಸಾ ಪಾಲ್ಮೆಟೊ ಎಂಬ ಗಿಡದ ಹಣ್ಣಿನ ಸಾರವನ್ನು 369 ಗಂಡಸರ ಮೇಲೆ ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾಮೂಲಿ ಪ್ರಮಾಣದ ಮೂರು ಪಟ್ಟಿನವರೆಗೆ ಏರಿಸಿ, 72 ವಾರ ನೋಡಿದ ಮೇಲೆ ಸಾರ ತೆಗೆದುಕೊಂಡವರ ಸ್ಕೋರ್ ಸುಮಾರು 2.2 ಇಳಿದಿತ್ತು, ಪ್ಲಸೀಬೊದವರದು ಸುಮಾರು 3. ಏನೂ ಇಲ್ಲದ ಗುಳಿಗೆಯೇ ಇಷ್ಟು ಇಳಿಸುವ ಕಡೆ ನಾವು ಎಷ್ಟು ಜಾಗ್ರತೆಯಿಂದ ಕೇಳಬೇಕು ನೋಡಿ. ಈಗ ಮನೆಯವರನ್ನು ಹೊರಗೆ ಕೂರಿಸಿ, ಹಾಳೆ ಮತ್ತು ಕನ್ನಡಕ ಕೈಗೆ ಕೊಟ್ಟು, ನಾನೂ ಸ್ವಲ್ಪ ದೂರ ಹೋಗುತ್ತೇನೆ.

ಕಿಡ್ನಿ ಟ್ರಯಲ್‌ಗಳಲ್ಲಿ 24 ಗಂಟೆಯ ಮೂತ್ರ ಸಂಗ್ರಹ ಇದಕ್ಕಿಂತ ಕಷ್ಟ. ಮೊದಲ ದಿನ ಬೆಳಗಿನ ಮೂತ್ರ ಚೆಲ್ಲಬೇಕು, ಗಡಿಯಾರ ಅಲ್ಲಿಂದ ಶುರು. ಮರುದಿನ ಅದೇ ಹೊತ್ತಿನದನ್ನು ಕ್ಯಾನಿಗೆ ಸೇರಿಸಿ ಮುಗಿಸಬೇಕು. ತಿರುಗಾಮುರುಗಾ ಮಾಡುವವರು ಬಹಳ. ಸಂಗ್ರಹ ಪೂರ್ತಿಯೇ ಎಂದು ತಿಳಿಯಲು ಅದರಲ್ಲಿನ ಕ್ರಿಯಾಟಿನಿನ್ ಸಾಕ್ಷಿ ಹೇಳುತ್ತದೆ: ಅದು ಸ್ನಾಯುಗಳಿಂದ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬರುವ ವಸ್ತು, ಹೆಂಗಸರಲ್ಲಿ ದೇಹತೂಕದ ಕಿಲೋಗೆ ಸುಮಾರು 15ರಿಂದ 20 ಮಿಗ್ರಾಂ, ಗಂಡಸರಲ್ಲಿ ಇನ್ನೂ ಹೆಚ್ಚು, ವಯಸ್ಸಾದಂತೆ ಕಡಿಮೆ. ಒಬ್ಬ ಹೆಂಗಸಿನ ಲೆಕ್ಕ ಅರ್ಧಕ್ಕೇ ನಿಂತಿತ್ತು. ಕೇಳಿದಾಗ, ಕೆಲಸದ ಜಾಗಕ್ಕೆ ಐದು ಲೀಟರಿನ ಕ್ಯಾನು ಹೊತ್ತೊಯ್ಯಲು ನಾಚಿಕೆಯಾಯಿತು ಎಂದರು. ರಜೆಯ ದಿನ ಮಾಡಿ ಎಂದು ನಾನು ಮೊದಲೇ ಹೇಳಬಹುದಿತ್ತು. ಈಗ ಎಷ್ಟೋ ಟ್ರಯಲ್‌ಗಳು ಬೆಳಗಿನ ಒಂದೇ ಮಾದರಿಯಲ್ಲಿ ಆಲ್ಬುಮಿನ್ ಎಂಬ ಪ್ರೋಟೀನಿಗೂ ಕ್ರಿಯಾಟಿನಿನ್‌ಗೂ ಇರುವ ಅನುಪಾತ ನೋಡುತ್ತವೆ. ನನಗಂತೂ ಅದು ದೊಡ್ಡ ನೆಮ್ಮದಿ.

ರಕ್ತದ ಕ್ರಿಯಾಟಿನಿನ್ ಏರಿದರೆ ಕಿಡ್ನಿ ಸೋತಿದೆಯೇ ಎಂಬ ಶಂಕೆ ಬರುತ್ತದೆ. ಅದು ಏಕಾಏಕಿ ಏರಿದಾಗಲೂ ಮೊದಲು ರೋಗಿಯನ್ನೇ ಕೇಳುತ್ತೇನೆ. ಮೂತ್ರದ ಸೋಂಕಿಗೆ ಕೊಡುವ ಟ್ರೈಮೆಥೊಪ್ರಿಮ್ ಕಿಡ್ನಿಗೆ ಏನೂ ಹಾನಿಯಾಗದಿದ್ದರೂ ಆ ಸಂಖ್ಯೆಯನ್ನು ಏರಿಸಬಲ್ಲದು, ಹಿಂದಿನ ರಾತ್ರಿಯ ಮಾಂಸದೂಟವೂ ಅಷ್ಟೇ. ಮರುಪರೀಕ್ಷೆ, ವೈದ್ಯರಿಗೆ ವರದಿ ಯಾವುದನ್ನೂ ಇದಕ್ಕಾಗಿ ತಡಮಾಡುವುದಿಲ್ಲ. ಆದರೆ ಉತ್ತರ ಗೊತ್ತಿದ್ದರೆ ವೈದ್ಯರಿಗೆ ಅನುಕೂಲ.

ಮೂರನೇ ತಿಂಗಳಿಗೆ ಆ ಹಿರಿಯರು ಮತ್ತೆ ಡೈರಿ ತಂದರು. ಪುಟದ ಅಂಚು ನೀರು ತಾಗಿ ಉಬ್ಬಿತ್ತು. ಎರಡು ಬಣ್ಣದ ಪೆನ್ನು, ನಡುವೆ ಪೆನ್ಸಿಲ್. ಮೊದಲ ರಾತ್ರಿ 3:10ರ ಎದುರು ‘ಅಳೆಯಲಿಲ್ಲ’ ಎಂದಿತ್ತು. ಎಲ್ಲ ಅಳತೆಯೂ ಇದ್ದ ಎರಡನೇ ದಿನ ಕೂಡಿಸಿ ನೋಡಿದೆ: ಒಟ್ಟು 1730 ಮಿಲಿ, ಅದರಲ್ಲಿ ರಾತ್ರಿಯ ಎರಡು ಸಲ ಮತ್ತು ಬೆಳಗಿನದು ಸೇರಿ 780. ಮೊದಲ ಡೈರಿಯಲ್ಲಿ ಮೂರನೇ ಒಂದು ಭಾಗದೊಳಗೇ ಇದ್ದದ್ದು ಈಗ ಶೇ. 45. ಮುಖ್ಯ ಸಂಶೋಧಕರು ಅವರ ಪ್ಯಾಂಟಿನ ತುದಿ ಮೇಲೆತ್ತಿ ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿದರು. ಗುಳಿ ಬಿತ್ತು, ತುಂಬಲು ಹೊತ್ತು ಹಿಡಿಯಿತು. ಹಗಲೆಲ್ಲ ಕಾಲಿನಲ್ಲಿ ನಿಂತ ನೀರು ಮಲಗಿದ ಮೇಲೆ ರಕ್ತಕ್ಕೆ ಮರಳಿ ರಾತ್ರಿ ಮೂತ್ರವಾಗುತ್ತಿತ್ತು. ಕಾಲಿನ ಊತಕ್ಕೆ ಹೃದಯ ಕಾರಣವಿರಬಹುದೆಂದು ಅಂದೇ ಹೃದಯದ ಪರೀಕ್ಷೆಗೆ ಬರೆದುಕೊಟ್ಟರು. ಟ್ರಯಲ್‌ಗೆ ಸೇರಬಾರದಿದ್ದ ಅವರು, ಸೇರಿಸಿಕೊಂಡ ಗುಂಪಿನಲ್ಲೇ ಕೊನೆಯ ವಿಶ್ಲೇಷಣೆಯವರೆಗೂ ಎಣಿಕೆಯಾದರು. ಯಾವ ಗುಂಪಿಗೆ ಚೀಟಿ ಬಿತ್ತೋ ಅದರಲ್ಲೇ ಎಣಿಸಬೇಕು ಎನ್ನುವುದು ನಿಯಮ.