ಒಂಟಿಯಾಗಿರಲು ಎಷ್ಟು ಜನ ಬೇಕು!

ಕಾಡಲ್ಲೋ ಮರುಭೂಮಿಯಲ್ಲೋ ನಾಲ್ಕು ಹಗಲು, ನಾಲ್ಕು ರಾತ್ರಿ ಒಬ್ಬರೇ. ಊಟವಿಲ್ಲ, ನೀರು ಮಾತ್ರ. ಬದುಕಿನ ಒಂದು ಘಟ್ಟ ದಾಟುವವರಿಗಾಗಿ ಸ್ಟೀವನ್ ಫಾಸ್ಟರ್, ಮೆರೆಡಿತ್ ಲಿಟಲ್ ದಂಪತಿ 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುಮಾಡಿದ ಆಚರಣೆ ಇದು, ಹೆಸರು ‘ವಿಷನ್ ಫಾಸ್ಟ್’.

ನನಗೆ ಜಾಸ್ತಿ ಹಿಡಿಸಿದ್ದು ಉಪವಾಸ ಅಲ್ಲ, ಕಲ್ಲಿನ ಗುಡ್ಡೆ. ಗುಂಪಾಗಿ ಹೋದರೂ ಇರುವುದು ಒಬ್ಬೊಬ್ಬರೇ, ಬೇರೆ ಬೇರೆ ಕಡೆ; ಅಕ್ಕಪಕ್ಕದ ಇಬ್ಬರು ತಮ್ಮ ನಡುವೆ ಒಂದು ಜಾಗ ಗೊತ್ತುಮಾಡಿಕೊಳ್ಳುತ್ತಾರೆ. ಒಬ್ಬರು ಬೆಳಿಗ್ಗೆ ಬಂದು ಒಂದು ಕಲ್ಲಿಟ್ಟು ಹೋಗುತ್ತಾರೆ, ಇನ್ನೊಬ್ಬರು ಸಂಜೆ. ಮುಖಾಮುಖಿ ಇಲ್ಲ. ಹೊಸ ಕಲ್ಲು ಕಾಣದಿದ್ದರೆ ಮಾತ್ರ ಹುಡುಕಿಕೊಂಡು ಹೋಗಬೇಕು. ಎಷ್ಟು ಸರಳ ಅಲ್ವಾ!

ವಾಪಸ್ ಬಂದವರ ಕಥೆಯನ್ನು ಎಲ್ಲರೂ ಸುತ್ತ ಕೂತು ಕೇಳುತ್ತಾರೆ. ಕಷ್ಟ ಇರೋದು ಆಮೇಲೆ. ಮನೆಯಲ್ಲಿ ಎಲ್ಲರೂ ‘ಹೇಗಿತ್ತು ಟ್ರಿಪ್’ ಅಂತ ಸುಮ್ನೆ ಕೇಳಿ ಮುಗಿಸಿಬಿಟ್ಟರೆ? ಹೊರಡುವ ಮೊದಲೇ ಮನೆಯವರನ್ನೂ ಕೂರಿಸಿಕೊಂಡು ವಿಷಯ ಹೇಳಿಡುವುದು ಒಳ್ಳೆಯದು ಅನ್ನಿಸುತ್ತದೆ.