ಅಲ್ಲಿ ಚಿಗರಿ ಹೊಡೆದು ತಿಂತೀಯಂತೆ, ಪಾಪ ಅನ್ಸಲ್ವಾ?

ತಿನ್ನುತ್ತೇನೆ, ಹೌದು. ಆದರೆ ಚಿಗರಿ, ಅಂದರೆ ಕೃಷ್ಣಮೃಗ, ಅಲ್ಲ; ನೀಲಗಾಯಿ ಎಂಬ ದೊಡ್ಡ ಹುಲ್ಲೆ. ಟೆಕ್ಸಾಸ್‌ನ ದಕ್ಷಿಣದ ತುದಿಯಲ್ಲಿ, ಸಮುದ್ರಕ್ಕೆ ಹತ್ತಿರದ ಕುರುಚಲು ಬಯಲಲ್ಲಿ. ಲೈಸೆನ್ಸ್ ಇದೆ, ಜಮೀನಿನವರ ಒಪ್ಪಿಗೆ ಇರುತ್ತದೆ. ಮಾಂಸ ಮನೆಗೆ ತರುತ್ತೇನೆ, ಕೊಂಬು ಗೋಡೆಗೆ ಹೊಡೆಯುವುದಿಲ್ಲ. ಊರಿಗೆ ಹೋದಾಗಲೆಲ್ಲ ಯಾರಾದರೂ ಈ ಪ್ರಶ್ನೆ ಕೇಳುತ್ತಾರೆ. ಇಲ್ಲಿನ ಕನ್ನಡದ ಗೆಳೆಯರೂ ಬಿಡುವುದಿಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ.

ಕೇಳುವವರು ಮಾಂಸ ಮುಟ್ಟದವರಾದರೆ ನನಗೆ ಬೇಜಾರಿಲ್ಲ. ನನ್ನ ಗೆಳೆಯನ ತಾಯಿ ಮೊಟ್ಟೆ ಬಿದ್ದ ಪಾತ್ರೆಯನ್ನೂ ಬೇರೆ ಇಡುವವರು. ಅವರು ಕೇಳಿದರೆ ಸುಮ್ನೆ ಕೂತು ಕೇಳಿಸಿಕೊಳ್ಳುತ್ತೇನೆ. ಆ ಮಾತಿಗೆ ತೂಕ ಇದೆ. ಸಿಟ್ಟು ಬರುವುದು ಬೇರೆಯವರ ಮೇಲೆ.

ರಾಣೆಬೆನ್ನೂರಿನ ಹತ್ತಿರ ಒಂದು ಬೀಗರೂಟ. ನನ್ನ ಸೋದರಮಾವ ಪಂಕ್ತಿಯಲ್ಲಿ ನನ್ನ ಎದುರಿಗೇ ಕೂತಿದ್ದ. ಎಲೆ ತುಂಬ ಮಟನ್. ಇಡೀ ಸಾಲಿಗೆ ಕೇಳುವ ಹಾಗೆ ಶುರು ಮಾಡಿದ.

"ಅಲ್ಲೋ, ಪಾಪದ ಪ್ರಾಣಿ ಅದು. ಹೆಂಗರ ಮನಸ್ಸು ಬರ್ತೈತಿ ನಿನಗ? ಇಲ್ಲಿ ಹೊಡದಿದ್ರ ಒಳಗ ಹಾಕ್ತಿದ್ರು."

ನಾನು ಕೇಳಿದೆ. "ಮಾವ, ನಿನ್ನ ಎಲಿ ಮ್ಯಾಲಿನ ಆಡು ಹೆಂಗ ಸತ್ತಿತು, ಗೊತ್ತೈತೇನು?"

"ಉಣ್ಣೂ ಮುಂದ ಅದನ್ನೆಲ್ಲ ಕೇಳಬಾರ್ದಪ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಮೊದಲು ಜೈಲಿನ ಮಾತು. ಮಾವ ಹೇಳಿದ್ದು ಸರಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಕೃಷ್ಣಮೃಗ, ಅಂದರೆ ನಮ್ಮ ಚಿಗರಿ, ಮೊದಲ ಪಟ್ಟಿಯಲ್ಲಿದೆ. ಕೊಂದರೆ ಕನಿಷ್ಠ 3 ವರ್ಷ ಶಿಕ್ಷೆ. ಅದರಲ್ಲಿ ಒಂದಕ್ಷರವನ್ನೂ ಸಡಿಲ ಮಾಡಬಾರದು ಅನ್ನುವವನು ನಾನು. ನಮ್ಮ ಕಡೆ ಗೋವಿನಜೋಳಕ್ಕೆ ಚಿಗರಿ ಹಿಂಡು ನುಗ್ಗಿದರೆ ರೈತನ ಹೊಟ್ಟೆ ಉರಿಯುವುದನ್ನು ಕಣ್ಣಾರೆ ನೋಡಿದ್ದೇನೆ. ಅವನಿಗೆ ಪರಿಹಾರ ಬೇಗ ಸಿಗಬೇಕು. ಚಿಗರಿ ಮಾತ್ರ ಅಲ್ಲೇ ಇರಬೇಕು. ಆ ಹುಲ್ಲುಗಾವಲು ಅದರದ್ದೇ.

ಟೆಕ್ಸಾಸ್‌ನ ಬಯಲು ನೀಲಗಾಯಿಯದ್ದಲ್ಲ. 1930ರ ಆಸುಪಾಸಿನಲ್ಲಿ ಕಿಂಗ್ ರ‍್ಯಾಂಚ್ ಎಂಬ ದೊಡ್ಡ ದನದ ಜಮೀನಿನವರು ತಂದು ಬಿಟ್ಟರು. ನಮ್ಮ ದೇಶದಲ್ಲಿ ಅದನ್ನು ಹಿಡಿಯಲು ಹುಲಿ ಇದೆ. ಅಲ್ಲಿ ಇಲ್ಲ. ಹಿಂಡು ಬೆಳೆದು ಸಾವಿರಾರು ಆಯಿತು. ಜೊತೆಗೆ ಉಣ್ಣೆಹುಳದ ಕಾಟ. ದನಗಳಿಗೆ ಜ್ವರ ತಂದು ಕೊಲ್ಲುವ ಒಂದು ಉಣ್ಣೆಹುಳವನ್ನು ಅಳಿಸಲು ಅಮೆರಿಕ ಸರ್ಕಾರ 1906ರಲ್ಲೇ ಕೆಲಸ ಶುರು ಮಾಡಿತು. 1943ರ ಹೊತ್ತಿಗೆ ಮೆಕ್ಸಿಕೋ ಗಡಿಯ ಒಂದು ಪಟ್ಟಿ ಬಿಟ್ಟು ಉಳಿದೆಡೆಯಿಂದ ಅದು ಹೋಯಿತು. ದನವನ್ನಾದರೆ ಕೂಡಿಹಾಕಿ ಮದ್ದಿನ ನೀರಲ್ಲಿ ಮುಳುಗಿಸಬಹುದು. ನೀಲಗಾಯಿಯನ್ನು ಯಾರು ಹಿಡಿದು ಮುಳುಗಿಸುತ್ತಾರೆ? ಬೇಲಿಯ ಕೆಳಗೆ ನುಸುಳಿಕೊಂಡು ಮೈಲಿಗಟ್ಟಲೆ ತಿರುಗುತ್ತದೆ, ಹುಳವನ್ನೂ ಹೊತ್ತು ತಿರುಗುತ್ತದೆ. ಹೊರಗಿಂದ ತಂದ ಪ್ರಾಣಿಯಾದ್ದರಿಂದ ಆ ರಾಜ್ಯದಲ್ಲಿ ಅದಕ್ಕೆ ಬೇಟೆಯ ಕಾಲ ಅಂತ ಇಲ್ಲ, ಇಷ್ಟೇ ಹೊಡೆಯಬೇಕು ಎಂಬ ಮಿತಿಯೂ ಇಲ್ಲ. ಲಗೂನಾ ಅಟಸ್ಕೋಸಾ ಎಂಬ ಸರ್ಕಾರಿ ವನ್ಯಧಾಮದಲ್ಲೇ ಬೇಟೆಗೆ ಅವಕಾಶ ಕೊಡುತ್ತಾರೆ. ಇದರಲ್ಲಿ ಪ್ರಾಣಿಯ ತಪ್ಪು ಏನೂ ಇಲ್ಲ. ತಂದವರು ಮನುಷ್ಯರು.

ಇಷ್ಟು ಹೇಳಿದರೆ ಕೇಳಿದವರು "ಹೌದಾ?" ಅಂತ ತಲೆ ಆಡಿಸುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ. ಉಣ್ಣುವಾಗ ಕೇಳಬಾರದು ಅಂತ ಮಾವ ಅಂದನಲ್ಲ, ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿಲ್ಲ. ನನಗೆ ಬೇಕಾದದ್ದು ಅದೇ. ಆ ಪ್ರಾಣಿ ಹೇಗೆ ಸತ್ತಿತು?

ಹೇಳುತ್ತೇನೆ. ನೀಲಗಾಯಿ ಗಟ್ಟಿ ಪ್ರಾಣಿ. ಗಂಡು 200 ಕಿಲೋ ದಾಟುತ್ತದೆ, ಕುತ್ತಿಗೆ ಮತ್ತು ಎದೆಯ ಚರ್ಮ ಭಾರೀ ದಪ್ಪ. ಹೃದಯ ಕೆಳಗಿದೆ, ಮುಂಗಾಲಿನ ಸಂದಿನಲ್ಲಿ ಇದೆ. ಗುಂಡು ಒಂದು ಗೇಣು ಹಿಂದೆ ಬಿದ್ದರೂ ಪ್ರಾಣಿ ಗಾಯ ಹೊತ್ತು ಪೊದೆಯೊಳಗೆ ಓಡಿ, ಎಲ್ಲೋ ಬಿದ್ದು, ಗಂಟೆಗಟ್ಟಲೆ ನರಳಿ ಸಾಯುತ್ತದೆ. ನೆಲದ ಮೇಲೆ ರಕ್ತವೂ ಜಾಸ್ತಿ ಕಾಣುವುದಿಲ್ಲ, ಹುಡುಕುವುದು ಕಷ್ಟ. ಹಾಗಾಗಿ ಓಡುವ ಪ್ರಾಣಿಗೆ ನಾನು ಗುರಿ ಇಡುವುದಿಲ್ಲ. ಗಾಳಿ ಜೋರಾಗಿದ್ದರೆ ಇಡುವುದಿಲ್ಲ. ಬೆಳಕು ಇಳಿದ ಮೇಲೆ ಇಡುವುದಿಲ್ಲ. ಮರಿ ಜೊತೆಗಿದ್ದರಂತೂ ರೈಫಲ್ ಎತ್ತುವುದೇ ಇಲ್ಲ. ಮೇಯುತ್ತಾ ಅಡ್ಡಲಾಗಿ ನಿಂತಿರಬೇಕು. ಅದರ ಕಿವಿ ಆರಾಮಾಗಿರಬೇಕು. ಆಗ ಒಂದೇ ಗುಂಡು. ಅದಕ್ಕೆ ನಾನು ಅಲ್ಲಿದ್ದದ್ದೇ ಗೊತ್ತಾಗಿರುವುದಿಲ್ಲ. ಇದು ಕೂಡಿಬರದೆ ಖಾಲಿ ಕೈಯಲ್ಲಿ ವಾಪಸ್ ಬಂದದ್ದೇ ಹೆಚ್ಚು.

ಬಿದ್ದ ಮೇಲಿನ ಕೆಲಸ ಯಾರಿಗೂ ಗೊತ್ತಿಲ್ಲ. ಅಲ್ಲಿ ಡಿಸೆಂಬರ್‌ನಲ್ಲೂ ಮಧ್ಯಾಹ್ನ ಸೆಕೆ. ಕೂಡಲೇ ಕರುಳು ತೆಗೆದು, ಸುಲಿದು, ಐಸ್‌ನಲ್ಲಿ ಇಡದಿದ್ದರೆ ಮಾಂಸ ಕೆಡುತ್ತದೆ. ಕೆಟ್ಟರೆ ಆ ಜೀವ ಸುಮ್ನೆ ಹೋದಂತೆ. ಮೊಣಕೈವರೆಗೆ ರಕ್ತ, ಸುತ್ತ ನೊಣ, ನೋಯುವ ಬೆನ್ನು. ಆ ಹೊತ್ತಿನಲ್ಲಿ ಮನಸ್ಸು ಭಾರವಾಗಿರುತ್ತದೆ. ಅದನ್ನು ನಾನು ಯಾರಿಂದಲೂ ಮುಚ್ಚಿಟ್ಟಿಲ್ಲ. ಪಾಪ ಅನ್ಸಲ್ವಾ ಅಂದರೆ, ಅನ್ನಿಸುತ್ತದೆ. ಅಂಗಡಿಯ ಕೋಳಿ ತಿನ್ನುವಾಗ ಅನ್ನಿಸುತ್ತಿರಲಿಲ್ಲ. ಈಗ ಅಂಗಡಿಯ ಮಾಂಸ ತರುವುದನ್ನು ಬಿಟ್ಟಿದ್ದೇನೆ. ನೀಲಗಾಯಿಯಲ್ಲಿ ಕೊಬ್ಬು ಕಡಿಮೆ. ತೊಡೆಯ ಮಾಂಸವನ್ನು ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಿಸಿ, ಒಣಕೊಬ್ಬರಿ ಮಸಾಲೆ ಹಾಕಿ, ಜೋಳದ ರೊಟ್ಟಿ ಜೊತೆ ಉಣ್ಣುತ್ತೇವೆ. ಮೂಳೆಯ ರಸ ಮಕ್ಕಳಿಗೆ ಇಷ್ಟ. ಅದು ಎಲ್ಲಿಂದ ಬಂತು ಅಂತ ಅವರಿಗೂ ಗೊತ್ತು.

ಹಾಗಾದರೆ ಅಲ್ಲಿ ಚಿಗರಿ ಸಿಕ್ಕರೆ ಹೊಡೀತೀಯಾ ಅಂತಲೂ ಕೇಳುತ್ತಾರೆ. ಅಲ್ಲಿಯೂ ಇವೆ. 1932ರಲ್ಲಿ ಟೆಕ್ಸಾಸ್‌ನ ಕೆರ್ ಕೌಂಟಿ ಎಂಬ ಜಿಲ್ಲೆಗೆ ತಂದರು, ಆಮೇಲೆ ಸುತ್ತ ಹಬ್ಬಿದವು. ಹೊಡೆದರೆ ತಪ್ಪೇನಿಲ್ಲ, ಮಾಂಸವೂ ಚೆನ್ನಾಗಿದೆಯಂತೆ. ಆದರೆ ಎಷ್ಟೋ ಕಡೆ ಎತ್ತರದ ಬೇಲಿಯೊಳಗೆ ಸಾಕಿ, ತಿರುಚಿದ ಕೊಂಬಿಗಾಗಿ ದುಡ್ಡು ತಗೊಂಡು ಹೊಡೆಸುತ್ತಾರೆ. ಓಡಿ ತಪ್ಪಿಸಿಕೊಳ್ಳಲು ಜಾಗವಿಲ್ಲದ ಪ್ರಾಣಿಯನ್ನು ಕೊಂದು ತಲೆ ಮಾತ್ರ ಒಯ್ಯುವುದು ನನಗೆ ಅಸಹ್ಯ. ಗೆಳೆಯರು ಕರೆದಿದ್ದಾರೆ. ಬರುವುದಿಲ್ಲ ಅಂತ ಮುಖದ ಮೇಲೇ ಹೇಳಿದ್ದೇನೆ.