ಇದ್ದಕ್ಕಿದ್ದ ಹಾಗೆ ಹಾಡ್ತಾರಲ್ಲ, ನಗು ಬರಲ್ವಾ?

ನಾನು ಹಳೇ ಹಾಲಿವುಡ್ ಮ್ಯೂಸಿಕಲ್ ನೋಡುತ್ತಾ ಕೂತಿದ್ದರೆ ಹಿಂದೆ ಬಂದು ನಿಂತವರೆಲ್ಲ ಕೇಳುವ ಪ್ರಶ್ನೆ ಇದು. ನೆಟ್ಟಗೆ ಮಾತಾಡುತ್ತಿದ್ದವರು ಇದ್ದಕ್ಕಿದ್ದ ಹಾಗೆ ಹಾಡಿ ಕುಣಿಯುತ್ತಾರಲ್ಲ, ನಿನಗೆ ನಗು ಬರಲ್ವಾ?

ಕೇಳುವವರು ಯಾರು? ಕನ್ನಡ ಸಿನಿಮಾ ನೋಡಿಕೊಂಡೇ ಬೆಳೆದವರು! ನಮ್ಮಲ್ಲಿ ನಾಯಕ ನಾಯಕಿ ಕಣ್ಣಲ್ಲಿ ಕಣ್ಣಿಟ್ಟರೆ ಸಾಕು, ಮರುಕ್ಷಣ ಬೇರೆ ಊರು, ಬೇರೆ ಸೀರೆ, ಹಿಂದೆ ಬೆಟ್ಟ. ಅದು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಸೂಟು ಹಾಕಿದ ದೊರೆಯೊಬ್ಬ ನಿಂತಲ್ಲೇ ಹಾಡಿದರೆ ಮಾತ್ರ ಮುಜುಗರ.

ನಗು ಬರುತ್ತದೆ, ಬರಲಿ ಅಂತಲೇ ಮಾಡಿದ ಸಿನಿಮಾಗಳು ಅವು. ಆದರೆ ಹಾಡು ಶುರುವಾದಾಗ ನನಗೆ ನಗುವಿಗಿಂತ ಕುತೂಹಲ ಜಾಸ್ತಿ. ಯಾಕೆ ಅಂತ ಹೇಳೋಕೆ ಒಂದು ಸಿನಿಮಾ ಸಾಕು. 1935ರ 'ಟಾಪ್ ಹ್ಯಾಟ್'. ಹಾಡಿ ಕುಣಿಯುವ ಜೋಡಿ ಫ್ರೆಡ್ ಅಸ್ಟೇರ್, ಜಿಂಜರ್ ರೋಜರ್ಸ್ ಒಟ್ಟಿಗೆ ಮಾಡಿದ 10 ಸಿನಿಮಾಗಳಲ್ಲಿ ಒಂದು. ಹಾಡುಗಳೆಲ್ಲ ಇರ್ವಿಂಗ್ ಬರ್ಲಿನ್ ಅವರವು.

ಕಥೆ ಕೇಳಿದರೆ ತಲೆ ಚಚ್ಚಿಕೊಳ್ಳಬೇಕು. ಅಮೆರಿಕದ ಡ್ಯಾನ್ಸರ್ ಜೆರ್ರಿ (ಅಸ್ಟೇರ್) ಲಂಡನ್ನಿಗೆ ಬಂದಿದ್ದಾನೆ. ರಾತ್ರಿ ಹೋಟೆಲ್ ರೂಮಿನಲ್ಲಿ ಟಕಟಕ ಕುಣಿಯುತ್ತಾನೆ. ಕೆಳಗಿನ ರೂಮಿನ ಡೇಲ್‌ಗೆ (ರೋಜರ್ಸ್) ನಿದ್ದೆ ಕೆಟ್ಟು ಜಗಳಕ್ಕೆ ಬರುತ್ತಾಳೆ. ಅವಳು ವಾಪಸ್ ಹೋದ ಮೇಲೆ ಇವನು ನೆಲಕ್ಕೆ ಮರಳು ಚೆಲ್ಲಿ, ಅದರ ಮೇಲೆ ಮೆತ್ತಗೆ ಕಾಲು ಸವರಿ ಕುಣಿದು, ಕೆಳಗಿದ್ದವಳನ್ನು ಮಲಗಿಸುತ್ತಾನೆ. ಜೋಗುಳವನ್ನು ಕಾಲಲ್ಲಿ ಹಾಡಿದ ಹಾಗೆ! ಆಮೇಲೆ ಅವಳು ಇವನನ್ನು ತನ್ನ ಗೆಳತಿ ಮ್ಯಾಜ್‌ಳ ಗಂಡ ಅಂದುಕೊಂಡುಬಿಡುತ್ತಾಳೆ. ನಿನ್ನ ಹೆಸರೇನಪ್ಪಾ ಅಂತ ಮೊದಲೇ ಒಂದು ಮಾತು ಕೇಳಿದ್ದರೆ ಸಿನಿಮಾ ಅರ್ಧ ಗಂಟೆಗೆ ಮುಗಿಯುತ್ತಿತ್ತು.

ನನಗೆ ಇಷ್ಟವಾದ ಭಾಗ ಈ ಗೊಂದಲಕ್ಕೂ ಮುಂಚಿನದು. ಮಳೆ ಬಂದು ಇಬ್ಬರೂ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ಕಬ್ಬನ್ ಪಾರ್ಕಿನಲ್ಲಿದೆಯಲ್ಲ, ಅಂಥ ಮಂಟಪ. ಅವಳು ಕುದುರೆ ಸವಾರಿಯ ಪ್ಯಾಂಟಿನಲ್ಲಿದ್ದಾಳೆ. ಇವನು ಹಾಡುತ್ತಾನೆ, ಅವಳು ಬೆನ್ನು ತಿರುಗಿಸಿ ಕೂತಿದ್ದಾಳೆ. ಮುಖ ಅವನಿಗೆ ಕಾಣುವುದಿಲ್ಲ, ನಮಗೆ ಕಾಣುತ್ತದೆ. ಆಮೇಲೆ ಇವನು ಎದ್ದು ಸುಮ್ನೆ ಅತ್ತಿತ್ತ ನಡೆಯುತ್ತಾನೆ. ಅವಳು ಎದ್ದು ಹಿಂದೆಯೇ ಅಣಕಿಸುತ್ತಾ ನಡೆಯುತ್ತಾಳೆ. ಅವನು ಒಂದು ಹೆಜ್ಜೆ ಹಾಕಿದರೆ ಇವಳು ಅದನ್ನೇ ಹಾಕಿ, ಇಷ್ಟೇನಾ ಅನ್ನುವಂತೆ ನಿಲ್ಲುತ್ತಾಳೆ. ತುಂಬ ಹೊತ್ತು ಮುಟ್ಟುವುದೂ ಇಲ್ಲ. ಕೊನೆಗೆ ಇಬ್ಬರೂ ಕಟ್ಟೆಯಂಚಿನಲ್ಲಿ ಕೂತು ಕೈ ಕುಲುಕುತ್ತಾರೆ. ಮುತ್ತಿಲ್ಲ, ಅಪ್ಪುಗೆಯಿಲ್ಲ. ಇಂಗ್ಲಿಷ್ ಬಾರದ ನಮ್ಮ ಅತ್ತೆ ಇದನ್ನು ನೋಡಿ, "ಇವಳು ಒಪ್ಪಿಯಾಯ್ತು ಬಿಡು, ಬಾಯಿಬಿಟ್ಟು ಹೇಳ್ತಿಲ್ಲ ಅಷ್ಟೆ" ಅಂದರು.

ಅಷ್ಟೇ ನನ್ನ ಉತ್ತರ. ಅವರು ಮಾತು ನಿಲ್ಲಿಸಿ ಕುಣಿಯುತ್ತಿಲ್ಲ, ಅದೇ ಮಾತನ್ನು ಕಾಲಲ್ಲಿ ಮುಂದುವರಿಸುತ್ತಿದ್ದಾರೆ. ಹಾಡು ಬಂತು ಅಂತ ಎದ್ದು ಕಾಫಿಗೆ ಹೋದರೆ ಕಥೆಯೇ ತಪ್ಪಿಹೋಗುತ್ತದೆ.

ಇದು ಕಣ್ಣಿಗೆ ಕಾಣುವುದಕ್ಕೂ ಕಾರಣವಿದೆ. ಕುಣಿಯುವವರ ತಲೆಯಿಂದ ಕಾಲಿನವರೆಗೆ ಪೂರ್ತಿ ಕಾಣಬೇಕು, ನಡುವೆ ಆದಷ್ಟು ಕಟ್ ಇರಬಾರದು ಅನ್ನುವುದು ಅಸ್ಟೇರ್ ಹಟವಾಗಿತ್ತು. ಈಗಿನ ಹಾಡುಗಳಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮೂರು ಶಾಟ್ ಹೋಗಿರುತ್ತವೆ. ಕುಣಿದದ್ದು ನಟನೋ ಎಡಿಟರೋ ಗೊತ್ತಾಗುವುದಿಲ್ಲ.

ಎರಡನೇ ಅರ್ಧ ವೆನಿಸ್‌ನಲ್ಲಿ. ಅಂದರೆ ಸ್ಟುಡಿಯೋದೊಳಗೆ ಕಟ್ಟಿದ ವೆನಿಸ್‌ನಲ್ಲಿ, ಬೆಳ್ಳಗೆ ಹೊಳೆಯುವ ಸೇತುವೆ ಕಾಲುವೆಗಳ ನಡುವೆ. ಅಲ್ಲಿ ಮ್ಯಾಜ್ ತಾನೇ ಮುಂದೆ ಬಿದ್ದು ಇಬ್ಬರೂ ಕುಣಿಯಿರಿ ಅನ್ನುತ್ತಾಳೆ. ಡೇಲ್‌ಗೆ ತಲೆಬುಡ ಅರ್ಥವಾಗುವುದಿಲ್ಲ. ಗಂಡನನ್ನು ಹೀಗೆ ಯಾರಾದರೂ ತಳ್ಳುತ್ತಾರಾ? ಅದೇ ಗಲಿಬಿಲಿಯಲ್ಲಿ 'ಚೀಕ್ ಟು ಚೀಕ್' ಹಾಡು ಶುರು. ಮೊದಲು ಬಿಗಿಯಾಗಿದ್ದವಳು ಕುಣಿಯುತ್ತಾ ಕುಣಿಯುತ್ತಾ ಸಡಿಲವಾಗುತ್ತಾಳೆ. ತಪ್ಪು ಅಂತ ಗೊತ್ತು, ಆದರೂ ಕಾಲು ಕೇಳುತ್ತಿಲ್ಲ. ಕುಣಿತ ಮುಗಿದ ಮೇಲೆ ಇವನು ಮದುವೆಯಾಗು ಅನ್ನುತ್ತಾನೆ. ಕಪಾಳಕ್ಕೊಂದು ಬೀಳುತ್ತದೆ. ಕುಣಿತವನ್ನು ಸರಿಯಾಗಿ ನೋಡಿದವರಿಗೆ ಆ ಏಟಿನ ಸಿಟ್ಟು ಯಾರ ಮೇಲಿನದು ಅಂತ ಗೊತ್ತಿರುತ್ತದೆ.

ಎಲ್ಲವೂ ಚೆನ್ನಾಗಿದೆ ಅಂತಲ್ಲ. ಕೊನೆಯ ಹತ್ತಿರ ಬರುವ 'ಪಿಕೊಲಿನೊ' ಹಾಡು ಉದ್ದವಾಯಿತು, ನಾನು ಓಡಿಸಿಬಿಡುತ್ತೇನೆ. ಕಥೆಯಲ್ಲಿ ಬರುವ ಇಟಲಿಯ ದರ್ಜಿಯೊಬ್ಬನನ್ನು ಗೇಲಿ ಮಾಡುವುದೂ ಇಂದಿಗೆ ಸ್ವಲ್ಪ ಕಿರಿಕಿರಿ.

ನೋಡುವುದಾದರೆ 'ಚೀಕ್ ಟು ಚೀಕ್'ನಲ್ಲಿ ಅವಳ ಗೌನಿನ ಮೇಲೂ ಒಂದು ಕಣ್ಣಿಡಿ. ಕಪ್ಪು-ಬಿಳುಪಿನಲ್ಲಿ ತಿಳಿಯುವುದಿಲ್ಲ, ಅದು ತಿಳಿ ನೀಲಿ. ತುಂಬ ಉಷ್ಟ್ರಪಕ್ಷಿಯ ಗರಿ. ಶೂಟಿಂಗಿನಲ್ಲಿ ಗರಿ ಉದುರಿ ಅಸ್ಟೇರ್ ಮೈಮೇಲೆಲ್ಲ ಹಾರಿ ರಂಪವಾಗಿತ್ತು. ಆದರೂ ರೋಜರ್ಸ್ ಗೌನು ಬದಲಾಯಿಸಲಿಲ್ಲ. ಆಮೇಲೆ ಅಸ್ಟೇರ್ ಅವರೇ ಅವಳನ್ನು ಗರಿ ಅಂತ ಕರೆಯತೊಡಗಿದರು, ಚಿನ್ನದ ಪುಟ್ಟ ಗರಿಯನ್ನೂ ಉಡುಗೊರೆ ಕೊಟ್ಟರು. ಗಮನವಿಟ್ಟು ನೋಡಿದರೆ ಒಂದೆರಡು ಗರಿ ಇವತ್ತಿಗೂ ಆ ದೃಶ್ಯದಲ್ಲಿ ಹಾರುತ್ತಿವೆ.